ನಾಲ್ಕನೆಯ ನೋಟ್‌ಬುಕ್

ತಾಸೆರೆ ಮೇಷ್ಟ್ರ ಮಂಚದ ಕೆಳಗಿದ್ದ ತಗಡಿನ ಪೆಟ್ಟಿಗೆ ಮಂಗಳವಾರ ಬೆಳಗ್ಗೆ ಕಾಣೆಯಾಗಿತ್ತು. ಅದರ ಜಾಗದಲ್ಲಿ ಒಂದು ಚೀಟಿ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಎರಡೇ ಸಾಲು: ‘ಅಪ್ಪರ್ ವೋಲ್ಟಾದ ಚರಿತ್ರೆ ಬರೆಯಬೇಡ. ಅಲ್ಲಿಗೆ ಮರಳಬೇಡ.’

ಎಮಿಲಿಯಾ ಅದನ್ನು ಎರಡು ಸಲ ಓದಿದಳು. ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಕಳೆದವಳು. ಕಾಗದದ ವಿಷಯದಲ್ಲಿ ಅವಸರ ಮಾಡುವವಳಲ್ಲ. ಗಲ್ಫಿನ ಆ ಶಹರದ ಸತ್ವಾ ಬಡಾವಣೆಯ ಹಳೆಯ ವಿಲ್ಲಾದಲ್ಲಿ ಪ್ಲೈವುಡ್ ಅಡ್ಡ ಹಾಕಿ ಒಂಬತ್ತು ಕೋಣೆ ಮಾಡಿದ್ದರು. ಮೇಷ್ಟ್ರದು ಅವಳ ಎದುರಿನ ಕೋಣೆ.

ಪೆಟ್ಟಿಗೆಯಲ್ಲಿ ಪಾಸ್‌ಪೋರ್ಟ್ ಇತ್ತು. ಮೇಷ್ಟ್ರು ತಮ್ಮ ದೇಶದ ಕಥೆ ಬರೆದಿಟ್ಟ ಐದು ನೋಟ್‌ಬುಕ್ ಇದ್ದವು. ಪಶ್ಚಿಮ ಆಫ್ರಿಕಾದ ಆ ದೇಶ 1960ರಲ್ಲಿ ಫ್ರೆಂಚರಿಂದ ಬಿಡುಗಡೆಯಾದದ್ದು, ಮುಷ್ಕರಗಳು, ಒಂದರ ಹಿಂದೊಂದು ಸೈನಿಕ ದಂಗೆಗಳು, 1984ರಲ್ಲಿ ಸಾವಿರಕ್ಕೂ ಮಿಕ್ಕಿ ಶಿಕ್ಷಕರನ್ನು ಕೆಲಸದಿಂದ ಕಿತ್ತುಹಾಕಿದ್ದು. ಆ ಶಿಕ್ಷಕರಲ್ಲಿ ಅವರೂ ಒಬ್ಬರು. 1987ರ ದಂಗೆಯ ಮರುವಾರ ದೇಶ ಬಿಟ್ಟಿದ್ದರು. ಈಗ, 2014ರ ಅಕ್ಟೋಬರ್ ಕೊನೆಯಲ್ಲಿ, ಜನ ಬೀದಿಗಿಳಿದು ಆ ದಂಗೆಯಿಂದ ಬಂದ ಸರ್ಕಾರವನ್ನು ಉರುಳಿಸಿದ್ದರು. ಗುರುವಾರದ ವಿಮಾನಕ್ಕೆ ಮೇಷ್ಟ್ರ ಟಿಕೆಟ್ ಆಗಿತ್ತು. ಎಂಬತ್ತು ದಾಟಿದ ಅಕ್ಕ ಅಲ್ಲಿ ಕಾಯುತ್ತಿದ್ದಳು.

ಪೊಲೀಸರು ಬಂದರೆ ಕಾನೂನಿಗೆ ವಿರುದ್ಧವಾದ ಅಡ್ಡಗೋಡೆಗಳೂ ಕಣ್ಣಿಗೆ ಬೀಳುತ್ತವೆ, ಒಂಬತ್ತು ಕೋಣೆಯವರೂ ಬೀದಿಪಾಲು. ಸಂಜೆಯವರೆಗೆ ಸಮಯ ಕೊಡಿ ಎಂದು ಮೇಷ್ಟ್ರನ್ನು ಕೇಳಿದಳು ಎಮಿಲಿಯಾ.

*

ಅನುಮಾನ ಮೊದಲು ಹೋದದ್ದು ಇಸ್ಸಾನ ಮೇಲೆ. ಅವನೂ ಮೇಷ್ಟ್ರ ದೇಶದವನೇ, ಹಿಂದಿನ ಬೀದಿಯ ಗ್ಯಾರೇಜಿನ ಮೆಕ್ಯಾನಿಕ್. ಉರುಳಿದ ಸರ್ಕಾರದ ಸೈನ್ಯದಲ್ಲಿ ಅವನ ಮಾವ ಇದ್ದ. ಹೋದ ವಾರವಷ್ಟೇ ಅದೇ ವಿಷಯಕ್ಕೆ ಮೇಷ್ಟ್ರ ಜೊತೆ ಜಗಳವಾಡಿದ್ದ. ಮೂಲೆಕೋಣೆಯ ಶಾಮಸುಂದರನೂ ಅವನ ಹೆಸರನ್ನೇ ಹೇಳಿದ್ದ.

ಇಸ್ಸಾ ಕೈಯ ಗ್ರೀಸ್ ಒರೆಸಿಕೊಂಡು ಚೀಟಿ ಓದಿದ. ಇದು ತನ್ನ ಅಜ್ಜನ ಕಾಲದ ಹೆಸರು ಎಂದ. ಎಂಬತ್ತನಾಲ್ಕರಲ್ಲೇ ದೇಶದ ಹೆಸರು ಬುರ್ಕಿನಾ ಫಾಸೊ ಎಂದು ಬದಲಾಗಿದೆ, ತಾನು ಹುಟ್ಟಿದ್ದು ಅದಾದ ಐದು ವರ್ಷಕ್ಕೆ. ಬೆದರಿಸುವುದಿದ್ದರೆ ಇಲ್ಲದ ದೇಶದ ಹೆಸರು ಹೇಳಿ ಯಾಕೆ ಬೆದರಿಸಲಿ ಎಂದು ಕೇಳಿದ.

ಎಮಿಲಿಯಾ ಮರಳಿ ಬಂದು ಮೇಷ್ಟ್ರಿಗೆ ಎರಡೇ ಪ್ರಶ್ನೆ ಹಾಕಿದಳು. ಹೆಸರು ಬದಲಾದ ಸಂಗತಿ ಎಷ್ಟನೆಯ ನೋಟ್‌ಬುಕ್ಕಿನಲ್ಲಿದೆ? ನಾಲ್ಕನೆಯದರಲ್ಲಿ. ಟೈಪ್ ಆಗಿರುವುದು ಎಷ್ಟು? ಮೂರು.

*

ಶಾಮಸುಂದರ ಟೈಪಿಂಗ್ ಸೆಂಟರಿನಲ್ಲಿ ದಿನವಿಡೀ ವೀಸಾ ಫಾರ್ಮ್ ತುಂಬುವವನು. ಶುಕ್ರವಾರ ರಜೆಯಲ್ಲಿ ಮೇಷ್ಟ್ರ ನೋಟ್‌ಬುಕ್ ಟೈಪ್ ಮಾಡುತ್ತಿದ್ದ.

“ಮೇಷ್ಟ್ರು ಗುರುವಾರ ಯಾವ ದೇಶಕ್ಕೆ ಹೋಗುವುದು, ಶಾಮಣ್ಣ?” ಎಮಿಲಿಯಾ ಕೇಳಿದಳು.

“ಅಪ್ಪರ್ ವೋಲ್ಟಾಕ್ಕಲ್ವಾ?”

“ಆ ಹೆಸರು ಹೋಗಿ ಮೂವತ್ತು ವರ್ಷ ಆಯ್ತು. ಮೇಷ್ಟ್ರು ಬಾಯಿಬಿಟ್ಟು ಹೆಸರು ಹೇಳುವವರಲ್ಲ, ‘ನಮ್ಮ ದೇಶ’ ಅಂತಾರೆ. ಈ ವಿಲ್ಲಾದಲ್ಲಿ ಹಳೇ ಹೆಸರು ಗೊತ್ತಿದ್ದು ಹೊಸದು ಗೊತ್ತಿಲ್ಲದವರು ಅಂದ್ರೆ ಮೂರೇ ನೋಟ್‌ಬುಕ್ ಓದಿದವರು. ನೀವೊಬ್ಬರೇ.”

ಶಾಮಸುಂದರ ಬಟ್ಟೆಗಳ ಅಡಿಯಿಂದ ಪೆಟ್ಟಿಗೆ ತೆಗೆದ; ಬೀಗ ಹಾಗೇ ಇತ್ತು.

“ಎಂತಕ್ಕೆ ಮಾಡಿದ್ದು?”

“ನಾನು ಯಾರತ್ರ ಮಾತಾಡುವುದು ಎಮಿಲಿಯಾ ಬಾಯಿ? ಮನೆಗೆ ಫೋನ್ ಮಾಡಿದ್ರೆ ಮಕ್ಕಳು ಇಂಗ್ಲಿಷಲ್ಲಿ ಎರಡು ಮಾತು ಹೇಳಿ ಇಡ್ತಾರೆ. ವಾರಕ್ಕೊಮ್ಮೆ ಇವರು ಕೂರಿಸಿ ಕಥೆ ಹೇಳ್ತಿದ್ರು. ಒಂದು ವಿಮಾನ ತಪ್ಪಿದ್ರೆ ಇನ್ನೊಂದು ಟಿಕೆಟ್ ಆಗುವವರೆಗೆ ನಾಲ್ಕು ಶುಕ್ರವಾರ ಸಿಗ್ತಿತ್ತು, ಅಷ್ಟೇ.”

ಬೈಯಲೆಂದು ಬಂದಿದ್ದ ಎಮಿಲಿಯಾ ಮೇಷ್ಟ್ರ ಬಾಗಿಲ ಕಡೆ ಕೈ ತೋರಿಸಿದಳು.

ಪೆಟ್ಟಿಗೆಯನ್ನು ಶಾಮಸುಂದರನೇ ಒಯ್ದು ಮೇಷ್ಟ್ರ ಮುಂದಿಟ್ಟು ಎಲ್ಲ ಹೇಳಿಕೊಂಡ. ಮೇಷ್ಟ್ರು ಮೊದಲು ಪಾಸ್‌ಪೋರ್ಟ್ ಜೇಬಿಗೆ ಹಾಕಿಕೊಂಡರು. ಕೋಪಕ್ಕೆ ಅವನ ಮುಖ ನೋಡದೆ ನೋಟ್‌ಬುಕ್ಕುಗಳನ್ನು ಎಣಿಸಿದರು. ಐದೂ ಸಿಕ್ಕ ಮೇಲೆ ಕುರ್ಚಿ ತೋರಿಸಿ, ನಾಲ್ಕನೆಯ ನೋಟ್‌ಬುಕ್ ತೆರೆದು ಓದತೊಡಗಿದರು.

*

ಗುರುವಾರ ಮೇಷ್ಟ್ರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಶಾಮಸುಂದರ, ಎಮಿಲಿಯಾ ಇಬ್ಬರೂ ಬಸ್ಸಿನಲ್ಲಿ ಮರಳಿದರು. ಒಂದೇ ಅಡುಗೆಮನೆಯಲ್ಲಿ ನಾಲ್ಕು ವರ್ಷ ಕಳೆದರೂ ಕೇಳದೆ ಉಳಿದದ್ದನ್ನು ಎಮಿಲಿಯಾ ಈಗ ಕೇಳಿದಳು: ಊರಲ್ಲಿ ಮನೆ ಎಲ್ಲಿ?

“ಕಾಪು.”

“ನಂದು ಶಿರ್ವ.”

ಕರಾವಳಿಯ ಆ ಎರಡು ಊರುಗಳ ನಡುವೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.

“ಶಿರ್ವದಲ್ಲಿ ಈಗ ಯಾರಿದ್ದಾರೆ?” ಶಾಮಸುಂದರ ಕೇಳಿದ.

ಸತ್ವಾ ಬರುವವರೆಗೂ ಎಮಿಲಿಯಾ ಹೇಳುತ್ತಲೇ ಇದ್ದಳು.