ಎರಡು ಪಟ್ಟಿ, ಒಂದು ನಾಡಿ

"ನೀವು ಬದುಕಿದ್ದೀರಾ?"

ಅವಳು ಅವನೊಡನೆ ಆಡಿದ ಮೊದಲ ಮಾತು ಇದು.

ಗೋಡೆಯಗಲದ ಪರದೆಯ ಮೇಲೆ ಅರವತ್ತು ರೋಗಿಗಳು ಅರವತ್ತು ಹಸಿರು ಗೆರೆಗಳಾಗಿ ಓಡುತ್ತಿದ್ದರು. ಜ್ವರ ಊರೆಲ್ಲ ಹಬ್ಬಿ ಆಸ್ಪತ್ರೆಯ ಹಾಸಿಗೆಗಳು ತುಂಬಿಹೋದ ಮೇಲೆ, ಸೋಂಕು ತಗುಲಿದವರ ಮಣಿಕಟ್ಟಿಗೊಂದು ಪಟ್ಟಿ ಕಟ್ಟಿ ಮನೆಯಲ್ಲೇ ಇರಿಸುತ್ತಿದ್ದರು. ನಾಡಿ, ಮೈಬಿಸಿ, ರಕ್ತದ ಆಮ್ಲಜನಕ, ಈ ಮೂರನ್ನೂ ಆ ಪಟ್ಟಿ ಅಳೆದು ಈ ಕೋಣೆಗೆ ಕಳುಹಿಸುತ್ತಿತ್ತು. ಗೆರೆ ಕೆಂಪಾದರೆ ಆಂಬ್ಯುಲೆನ್ಸ್. ಗೆರೆಯೇ ಮಾಯವಾದರೆ ಫೋನು.

ಹದಿನೇಳನೆಯ ಗೆರೆ ಮಾಯವಾಗಿ ಹನ್ನೊಂದು ನಿಮಿಷವಾಗಿತ್ತು. ಫೋನು ಏಳು ಬಾರಿ ರಿಂಗಾಗಿತ್ತು. ನರ್ಸ್ ಆಗಿ ಆರು ವರ್ಷ... ಆದರೂ ಬಾಯಿಗೆ ಮೊದಲು ಬಂದದ್ದು ಆ ಪ್ರಶ್ನೆಯೇ.

"ಇದೆಂಥ ಪ್ರಶ್ನೆ ಸಿಸ್ಟರ್?" ಗಂಡುದನಿಯೊಂದು ನಕ್ಕಿತು. "ಸತ್ತಿದ್ರೆ ಫೋನ್ ಎತ್ತಿದ್ದು ಯಾರು?"

"ಪಟ್ಟಿ ಯಾಕೆ ಬಿಚ್ಚಿದ್ರಿ?"

"ಬಟ್ಟೆ ಕತ್ತರಿಸ್ತಿದ್ದೆ, ಅಂಚಿಗೆ ಸಿಕ್ಕಿಕೊಳ್ತಿತ್ತು. ನಾನು ಟೈಲರ್."

"ಜ್ವರದಲ್ಲಿ ಹೊಲಿಗೆನಾ? ಇನ್ನೊಂದ್ಸಲ ಬಿಚ್ಚಿದ್ರೆ ವಾರ್ಡಿಗೆ ಎತ್ತಿಹಾಕಿಸ್ತೀನಿ!"

"ಆಯ್ತು ತಾಯಿ, ಕಟ್ಕೊಂಡೆ! ಊರವರ ಅಳತೆಯೆಲ್ಲ ನಾನು ತಗೋತಿದ್ದೆ... ಈಗ ನನ್ನ ಅಳತೆ ತಗೊಳ್ಳೋಕೂ ಒಬ್ರು ಬಂದ್ರು."

ಗೆರೆ ಮರಳಿತು. ಅವಳು ಸಿಡುಕಿನಿಂದಲೇ ಫೋನು ಇಟ್ಟಳು. ಇಟ್ಟ ಮೇಲೆ ಏಕೋ ನಗು ಬಂತು.

ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಗಳ ಮನೆ. ಅಲ್ಲಿ ಅವನು ಮತ್ತು ಅವನ ತಾಯಿ ಮಾತ್ರ. ಇಬ್ಬರಿಗೂ ಸೋಂಕು. ಪರದೆಯ ಮೇಲೆ ಅವನು ಹದಿನೇಳು, ತಾಯಿ ಹದಿನೆಂಟು. ದಿನಕ್ಕೆರಡು ಬಾರಿ ಪ್ರತಿಯೊಬ್ಬರಿಗೂ ಫೋನು ಮಾಡಿ ವಿಚಾರಿಸುವುದು ಅವಳ ಕೆಲಸ. ಒಬ್ಬೊಬ್ಬರಿಗೆ ಎರಡು ನಿಮಿಷ. ಹದಿನೇಳಕ್ಕೆ ಮಾತ್ರ ಎರಡು ಹತ್ತಾಯಿತು, ಹತ್ತು ಇಪ್ಪತ್ತಾಯಿತು.

ಒಂದು ಗುಟ್ಟನ್ನು ಅವಳು ಯಾರಿಗೂ ಹೇಳಲಿಲ್ಲ. ಅವಳು "ಹಲೋ" ಎನ್ನುತ್ತಿದ್ದಂತೆ ಅವನ ನಾಡಿ ಎಪ್ಪತ್ತೆರಡರಿಂದ ತೊಂಬತ್ತಾರಕ್ಕೆ ಜಿಗಿಯುತ್ತಿತ್ತು! ಬಾಯಿ "ಊಟ ಆಯ್ತು ಸಿಸ್ಟರ್" ಎಂದು ತಣ್ಣಗೆ ಹೇಳುತ್ತಿದ್ದರೂ ಮಣಿಕಟ್ಟು ಬೇರೆಯದನ್ನೇ ಹೇಳುತ್ತಿತ್ತು.

'ಯಾವ ಹೆಣ್ಣಿಗೆ ಸಿಕ್ಕೀತು ಇಂಥ ಕನ್ನಡಿ?'

ಆರನೆಯ ದಿನ ಅವಳು "ಹಲೋ" ಎಂದಾಗ ಹದಿನೇಳು ಏರಿತು. ಹದಿನೆಂಟೂ ಏರಿತು. ಒಟ್ಟೊಟ್ಟಿಗೆ!

'ಅಯ್ಯೋ... ಅಮ್ಮನೂ ಪಕ್ಕದಲ್ಲೇ ಕೂತು ಕೇಳಿಸ್ಕೊಳ್ತಿದ್ದಾರೆ! ನನ್ನ ದನಿ ಅವರಿಗೂ ಹಿಡಿಸಿದೆ...'

ಕೆನ್ನೆ ಬಿಸಿಯಾಯಿತು. ಅತ್ತೆಯಾಗುವವಳು ಎದುರಿಗೇ ನಿಂತಂತೆ, ಅವಳು ಹಣೆಯ ಕೂದಲನ್ನು ಹಿಂದಕ್ಕೆ ತೀಡಿಕೊಂಡಳು.

"ಅಮ್ಮ ಹೇಗಿದ್ದಾರೆ? ಒಂದ್ನಿಮಿಷ ಕೊಡಿ, ಮಾತಾಡ್ತೀನಿ."

"ಅಮ್ಮನಾ?... ಮಲಗಿದ್ದಾಳೆ ಸಿಸ್ಟರ್. ಚೆನ್ನಾಗಿದ್ದಾಳೆ."

'ಸುಳ್ಳುಗಾರ! ಪಕ್ಕದಲ್ಲೇ ಕೂರಿಸಿಕೊಂಡು ಮಲಗಿದ್ದಾಳಂತೆ!' ಅವಳು ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು.

ಹೀಗೆ ನಾಲ್ಕು ದಿನ ನಕ್ಕಳು.

ಹಾಗೆ ನಕ್ಕ ನಾಲ್ಕನೆಯ ದಿನ ಮಧ್ಯಾಹ್ನ ಅವಳ ಬೆನ್ನ ಹಿಂದೆ ದೊಡ್ಡ ಸಿಸ್ಟರ್ ಬಂದು ನಿಂತರು. ಆ ಕೋಣೆಯ ಯಜಮಾನಿ. ಮೂವತ್ತು ವರ್ಷ ರೋಗಿಗಳನ್ನು ಕಂಡ ಕಣ್ಣು.

"ಏನೇ ಇದು? ಹದಿನೇಳು ಕೆಮ್ಮಿದ್ರೆ ಹದಿನೆಂಟೂ ಕೆಮ್ಮುತ್ತಲ್ಲೇ! ಎಲ್ಲಾದ್ರೂ ಇಬ್ಬರಿಗೆ ಒಂದೇ ನಾಡಿ ಇರುತ್ತೇನೇ ಹುಚ್ಚಿ? ಎರಡು ಪಟ್ಟೀನೂ ಒಂದೇ ಮೈ ಮೇಲಿದೆ!"

ಅವಳು ಹದಿನೇಳಕ್ಕೆ ಫೋನು ಹಚ್ಚಿದಳು.

"ನಿಮ್ಮ ಅಮ್ಮನ ಪಟ್ಟಿ ಯಾರ ಕೈಯಲ್ಲಿದೆ?" ಫೋನಿನಲ್ಲಿ ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

ಪರದೆಯ ಮೇಲೆ ಎರಡು ಗೆರೆಗಳೂ ಒಮ್ಮೆಲೇ ನೂರಮೂವತ್ತಕ್ಕೆ ನೆಗೆದವು.

"ಸಿಸ್ಟರ್... ಹೋದ ತಿಂಗಳು ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರಲ್ಲ, ಸತ್ತ ಮೇಲೆ ಮುಖಾನೂ ತೋರಿಸಲಿಲ್ಲ. ಅಮ್ಮ ನನ್ನ ಕಾಲು ಹಿಡ್ಕೊಂಡ್ಲು. 'ನಿನ್ನ ಗೆರೆ ಹಸಿರಾಗಿದೆಯಂತೆ, ನನ್ನ ಪಟ್ಟೀನೂ ನೀನೇ ಕಟ್ಕೋ' ಅಂದ್ಲು. ಹೆತ್ತವಳು ಕಾಲು ಹಿಡಿದ್ರೆ ಏನ್ ಮಾಡ್ಲಿ? ಗಾಡಿ ಕಳಿಸಬೇಡಿ... ನಿಮ್ಮ ದಮ್ಮಯ್ಯ!"

ಅವಳು ಆಂಬ್ಯುಲೆನ್ಸಿನ ಗುಂಡಿ ಒತ್ತಿದಳು.

ಆಂಬ್ಯುಲೆನ್ಸ್ ತಲುಪಿದಾಗ ತಾಯಿಯ ಆಮ್ಲಜನಕ ಅರವತ್ತೆಂಟು. ತುಟಿ ನೀಲಿಗಟ್ಟಿತ್ತು. ಮೂರನೆಯ ದಿನ ಆಕೆ ತೀರಿಕೊಂಡರು. ಮಗನಿಗೆ ಈ ಬಾರಿಯೂ ಮುಖ ತೋರಿಸಲಿಲ್ಲ.

ಅವಳು ನಲವತ್ತು ದಿನ ಅವನಿಗೆ ಫೋನು ಮಾಡಿದಳು. ಒಂದು ದಿನವೂ ಅವನು ಎತ್ತಲಿಲ್ಲ.

ಜ್ವರ ಇಳಿಯಿತು. ಆಸ್ಪತ್ರೆಯವರು ಪಟ್ಟಿಗಳನ್ನು ಮರಳಿ ಪಡೆಯಲು ಗಾಜಿನ ಕಿಂಡಿಯೊಂದನ್ನು ತೆರೆದು ಅವಳನ್ನು ಕೂರಿಸಿದರು. ಒಂದೊಂದು ಪಟ್ಟಿಗೂ ಒಂದೊಂದು ಕಾಗದ. ಅದರಲ್ಲಿ ಎರಡು ಸಹಿ. 'ಧರಿಸಿದವರು', 'ನಿಗಾ ವಹಿಸಿದವರು'.

ಒಂದು ಬೆಳಿಗ್ಗೆ ಬಡಕಲು ಕೈಯೊಂದು ಕಿಂಡಿಯೊಳಗೆ ಎರಡು ಪಟ್ಟಿಗಳನ್ನು ತಳ್ಳಿತು. ಕೊರಳಲ್ಲಿ ಅಳತೆ ಟೇಪು.

"ಸಿಸ್ಟರ್."

ಮುಖ ಎಂದೂ ಕಂಡವಳಲ್ಲ. ದನಿ ಸಾಕಾಗಿತ್ತು.

"ಫೋನ್... ಫೋನ್ ಯಾಕೆ ಎತ್ತಲಿಲ್ಲ?"

"ಸ್ಟ್ರೆಚರ್ ಮೇಲೆ ಅಮ್ಮ ಹೇಳಿದ ಕೊನೇ ಮಾತು ಅದು. 'ಆ ಹುಡುಗಿ ಫೋನ್ ಎತ್ತಬೇಡ ಕಣೋ, ನನ್ನನ್ನ ಸಾಯೋಕೆ ಕಳಿಸ್ತಿರೋಳು ಅವಳೇ' ಅಂದ್ಲು." ಅವನು ಗಾಜಿನಾಚೆಯ ಅವಳ ಮುಖ ನೋಡಿದ. "ಫೋನ್ ಎತ್ತಬೇಡ ಅಂದ್ಲು. ಮುಖ ನೋಡಬೇಡ ಅನ್ನಲಿಲ್ಲ. ಅದಕ್ಕೇ ಬಂದೆ."

ಅವಳು ಪಟ್ಟಿಗಳನ್ನು ತನ್ನತ್ತ ಎಳೆದುಕೊಂಡಳು. ಅವನು ಮಾತು ಮುಂದುವರಿಸಿದ.

"ಅಮ್ಮ ಹೇಳಿದ್ದು ತಪ್ಪು. ಕೊಂದಿದ್ದು ನಾನು, ಈ ಕೈ. ನಿಮಗೆ ಗೊತ್ತಾದ ಕ್ಷಣಕ್ಕೇ ಗಾಡಿ ಕಳಿಸಿದ್ರಿ. ನಿಮ್ಮದೇನೂ ತಪ್ಪಿಲ್ಲ ಅಂತ ಹೇಳಿ ಹೋಗೋಣ ಅಂತ..."

'ಸುಮ್ಮನಿರು,' ಎಂದಿತು ಮನಸ್ಸು. 'ಬಾಯಿ ಮುಚ್ಚಿಕೊಂಡಿದ್ದರೆ ಇವನು ನಿನ್ನವನು. ಬಾಯಿ ಬಿಟ್ಟರೆ ಇವತ್ತೇ ಕೊನೆ...'

ಅವಳು ಬಾಯಿ ಬಿಟ್ಟಳು.

"ನಾಲ್ಕು ದಿನ ಮುಂಚೇನೇ ಎರಡು ಗೆರೆ ಒಟ್ಟಿಗೆ ಏರೋದನ್ನ ನೋಡಿದ್ದೆ. ನನ್ನ ದನಿ ಕೇಳಿದ್ರೆ ನಿಮ್ಮ ನಾಡಿ ತೊಂಬತ್ತಾರಕ್ಕೆ ಹೋಗ್ತಿತ್ತು. ಅಮ್ಮನಿಗೂ ನಾನು ಇಷ್ಟ ಆಗಿದ್ದೀನಿ ಅಂದ್ಕೊಂಡೆ. ಅಮ್ಮನ ಜೊತೆ ಮಾತಾಡ್ಲೇಬೇಕಿತ್ತು, ಅದು ನಿಯಮ. 'ಮಲಗಿದ್ದಾಳೆ' ಅಂದ್ರಿ... ಬಿಟ್ಟುಬಿಟ್ಟೆ."

ಅವನ ಮುಖದ ರಕ್ತ ಇಳಿಯಿತು.

"ನಾಲ್ಕು ದಿನ! ಗೋಡೆಯಾಚೆ ನಮ್ಮಮ್ಮ ಉಸಿರಿಗೆ ಒದ್ದಾಡ್ತಿದ್ಲು... ನೀವು ಇಲ್ಲಿ ಸೊಸೆ ಆಟ ಆಡ್ತಿದ್ರಾ?"

"ಹೂಂ."

ಒಂದೇ ಅಕ್ಷರ. ಅದಕ್ಕಿಂತ ಹೆಚ್ಚಿನ ನೆಪ ಅವಳ ಬಳಿ ಇರಲಿಲ್ಲ.

ಅವನು ಹದಿನೇಳರ ಕಾಗದಕ್ಕೆ ಗೀಚಿದಂತೆ ಸಹಿ ಹಾಕಿದ. ಹದಿನೆಂಟರದನ್ನು ಅವಳತ್ತ ಎಸೆದ.

"ಇದಕ್ಕೆ ಸತ್ತವಳ ಹತ್ರ ಸಹಿ ಹಾಕಿಸ್ಕೊಳ್ಳಿ!"

ಹೊರಟೇಹೋದ.

"ಸತ್ತವರ ಕಾಗದಕ್ಕೆ ಸಹಿ ಬೇಡ ಕಣೇ, ಕಡತದೊಳಗೆ ಸೇರಿಸು," ಎಂದರು ದೊಡ್ಡ ಸಿಸ್ಟರ್. ಅವಳು ಸೇರಿಸಲಿಲ್ಲ. ಹನ್ನೆರಡು ದಿನ ಆ ಕಾಗದ ಮೇಜಿನ ಮೇಲೆಯೇ ಇತ್ತು. ದಿನವೂ ಅದನ್ನು ಕಂಡೇ ಕೆಲಸ ಆರಂಭಿಸಿದಳು. ಅವಳಿಗೆ ಅವಳೇ ಕೊಟ್ಟುಕೊಂಡ ಶಿಕ್ಷೆ ಅದು.

ಹದಿಮೂರನೆಯ ದಿನ ಕಿಂಡಿ ಮುಚ್ಚುವ ದಿನ. ಬಾಗಿಲಿಗೆ ಕೈಯಿಟ್ಟಾಗ ಗಾಜಿನಾಚೆ ಅಳತೆ ಟೇಪು ಕಾಣಿಸಿತು.

"ಆ ಕಾಗದ ಇದೆಯಾ?"

ಅವಳು ಮುಂದಿಟ್ಟಳು. ಅವನು 'ಧರಿಸಿದವರು' ಎಂಬಲ್ಲಿ ನಿಧಾನವಾಗಿ ತನ್ನ ಹೆಸರು ಬರೆದ.

"ಆರನೇ ದಿನದಿಂದ ಧರಿಸಿದ್ದು ನಾನೇ ತಾನೆ?"

ಕಾಗದವನ್ನು ಅವಳ ಕಡೆಗೆ ತಿರುಗಿಸಿದ. ಅವಳು 'ನಿಗಾ ವಹಿಸಿದವರು' ಎಂಬಲ್ಲಿ ಸಹಿ ಹಾಕಿದಳು.

ಹಿಂದಿನಿಂದ ದೊಡ್ಡ ಸಿಸ್ಟರ್ ಇಣುಕಿದರು. "ಏನ್ರೋ, ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕ್ತಿದ್ದೀರಿ? ಸಾಕ್ಷಿಗೆ ನಾನು ಬರಬೇಕಾ?"

ಇಬ್ಬರೂ ನಗಲಿಲ್ಲ. ದೊಡ್ಡ ಸಿಸ್ಟರ್ ಕಾಗದದ ಸಂಖ್ಯೆ ನೋಡಿ, ತುಟಿ ಕಚ್ಚಿಕೊಂಡು ಒಳಗೆ ಹೋದರು.

"ನನ್ನನ್ನ ಕ್ಷಮಿಸಿದ್ರಾ?" ಅವಳು ಪಿಸುಗುಟ್ಟಿದಳು.

"ಇಲ್ಲ." ಅವನ ದನಿಯಲ್ಲಿ ಮೆದುವಿರಲಿಲ್ಲ. "ನನ್ನನ್ನೂ ಕ್ಷಮಿಸ್ಕೊಂಡಿಲ್ಲ. ಚಿಕ್ಕಮ್ಮ, ಮಾವ, ಅಕ್ಕಪಕ್ಕದವರು... ಎಲ್ರೂ 'ನಿನ್ನ ತಪ್ಪಲ್ಲಪ್ಪ' ಅಂತಾರೆ. ಕೇಳಿ ಕೇಳಿ ಕಿವಿ ಕೊಳೀತು. ಅದು ತಪ್ಪೇ ಅಂತ ಗೊತ್ತಿರೋರು ನೀವೊಬ್ರೇ. ನೀವು ಸುಮ್ಮನಿದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ... ಆದ್ರೂ ಹೇಳಿದ್ರಿ. ಈ ಭಾರ ಇಟ್ಕೊಂಡು ಬೇರೆ ಯಾರ ಎದುರೂ ನನಗೆ ಕೂರೋಕೆ ಆಗ್ತಿಲ್ಲ."

ಅವಳ ಕಣ್ಣು ತುಂಬಿ ಗಾಜು ಮಸುಕಾಯಿತು.

"ಮೊದಲನೇ ದಿನ ಒಂದು ಪ್ರಶ್ನೆ ಕೇಳಿದ್ರಲ್ಲ," ಎಂದ ಅವನು. "ಇನ್ನೊಂದ್ಸಲ ಕೇಳಿ."

"ನೀವು... ಬದುಕಿದ್ದೀರಾ?"

ಅವನು ಬರಿಯ ಮಣಿಕಟ್ಟನ್ನು ಕಿಂಡಿಯೊಳಗೆ ಚಾಚಿದ. ಪಟ್ಟಿಯಿಲ್ಲ, ಪರದೆಯಿಲ್ಲ. ಅವಳು ಮೂರು ಬೆರಳಿಟ್ಟು, ಗೋಡೆಯ ಗಡಿಯಾರ ನೋಡುತ್ತ, ಒಂದು ನಿಮಿಷ ಪೂರ್ತಿ ಎಣಿಸಿದಳು.

"ಎಷ್ಟು?"

"ತೊಂಬತ್ತಾರು."

"ಜಾಸ್ತಿನಾ?"

"ಇಲ್ಲ..." ಅವಳು ಬೆರಳು ತೆಗೆಯಲಿಲ್ಲ. "ನಾನು ಎದುರಿಗಿದ್ರೆ, ನಿಮಗೆ ಅದೇ ಸರಿ."