ಹಸಿದ ಕೌದಿ

"ಖೋಲಿ ಖಾಲಿ ಐತೇನ್ರಿ?"

ಹಿಂದಿನಿಂದ ಬಂದ ದನಿಗೆ ನೀಲಾ ಬೆಚ್ಚಿ ತಿರುಗಿದಳು. ಕೈಯಲ್ಲಿದ್ದ ಕಂದೀಲು ಓಲಾಡಿತು.

ತೋಟದ ಬಾಗಿಲಲ್ಲಿ ಎತ್ತರದ ಆಳೊಬ್ಬ ನಿಂತಿದ್ದ. ಹೆಗಲಿಗೊಂದು ಚೀಲ, ಕಂಕುಳಲ್ಲಿ ಚಿತ್ರದ ಹಾಳೆಗಳ ಸುರುಳಿ, ಹಣೆಯ ಮೇಲೆ ಅಚ್ಚುಕಟ್ಟಾಗಿ ಎಳೆದ ವಿಭೂತಿ. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು. ಆದರೂ ನಗುತ್ತಿದ್ದ!

'ಅಯ್ಯ ಶಿವನೇ, ಇವರು ನಾಳೆ ಬರಬೇಕಿತ್ತಲ್ಲ...'

"ಹುನಗುಂದದ ಚಿತ್ರಕಲಾ ಮಾಸ್ತರು ನೀವ ಏನ್ರಿ? ನಾಳೆ ಬರ್ತೇನಿ ಅಂತ ಹೇಳಿ ಕಳಿಸಿದ್ರಲ್ರಿ?"

"ಹೌದ್ರಿ, ಮಹಾಂತೇಶ ಅಂತ. ಸಾಲಿ ಇವತ್ತ ಮಧ್ಯಾಹ್ನಕ್ಕ ಬಿಟ್ರು. ತಡಕೊಳ್ಳಾಕ ಆಗಲಿಲ್ಲ, ಸಿಕ್ಕ ಬಸ್ ಹತ್ತಿಬಿಟ್ಟೆ. ಬೇಕಂದ್ರ ಇಲ್ಲೇ ಬೇಲಿ ಹೊರಗ ನಿಂತಿರ್ತೇನಿ. ನಾಳೆ ಆದ ಕೂಡಲೇ ಒಳಗ ಕರೀರಿ."

ನೀಲಾಗೆ ನಗು ತಡೆಯಲಾಗಲಿಲ್ಲ. ಗುರುತು ಪರಿಚಯವಿಲ್ಲದವರ ಎದುರು ಹೀಗೆ ನಗುವ ಹುಡುಗಿಯಲ್ಲ ಅವಳು. ಆದರೆ ಆ ಸಂಜೆ ಏನಾಗಿತ್ತೋ, ನಕ್ಕೇಬಿಟ್ಟಳು.

ಅದು ಎಪ್ಪತ್ತೆಂಟರ ದಶಂಬರ. ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ದಾರಿಯಲ್ಲಿ, ಕೆಂಪು ಗುಡ್ಡದ ಮಗ್ಗುಲಿಗೆ ನೀಲಾಳ ತಂದೆ ರಾಚಪ್ಪನವರ ಪೇರಲ ತೋಟ. ತೋಟದ ನಡುವೆ ಕೆಂಪು ಕಲ್ಲಿನ ಎರಡು ಖೋಲಿ. ಗುಡಿ, ಗವಿ ನೋಡಿ ದಣಿದವರು ಅಲ್ಲಿಗೆ ಬಂದು ಎರಡು ದಿನ ಕಾಲು ಚಾಚಿ ಮಲಗುವರು, ಬಿಸಿ ರೊಟ್ಟಿ ಉಣ್ಣುವರು, ಮೈ ಹಗುರ ಮಾಡಿಕೊಂಡು ಹೋಗುವರು. ಪಟ್ಟಣದವರು ಅದನ್ನು ಕಾಟೇಜ್ ಅನ್ನುತ್ತಿದ್ದರು. ಊರವರಿಗೆ ಅದು ಬರೀ ಕಲ್ಲಖೋಲಿ. ತಾಯಿಯಿಲ್ಲದ ಆ ಮನೆಯಲ್ಲಿ ಅಡುಗೆ ನೀಲಾಳದು. ಬಂದವರಿಗೆ ಹೊದೆಯಲು ಕೌದಿ ಹೊಲಿಯುವುದು ಅವಳ ಆಯಿ, ಅಂದರೆ ಅಜ್ಜಿ, ಸಿದ್ದಲಿಂಗವ್ವಳದು.

ತೊಂದರೆ ಶುರುವಾದದ್ದೇ ಕೌದಿಯಿಂದ.

"ಆ ಹೊಸಾ ಕೌದಿ ಮುಟ್ಟಬ್ಯಾಡ ನೀಲವ್ವ," ಎಂದಳು ಆಯಿ. "ಅದು ಇನ್ನೂ ಹಸದೈತಿ."

ಆ ಸೀಮೆಯ ಹೆಂಗಸರು ಹಳೇ ಸೀರೆಗಳನ್ನು ಪದರ ಪದರ ಜೋಡಿಸಿ ಕೌದಿ ಹೊಲಿಯುತ್ತಾರೆ. ಹೊಲಿಗೆ ಮುಗಿಯುವಾಗ ಒಂದು ಮೂಲೆ ಮಾತ್ರ ಬಿಚ್ಚಿ ಬಿಟ್ಟಿರುತ್ತಾರೆ. ಅದರೊಳಗೆ ಹೋಳಿಗೆಯ ತುಣುಕಿಟ್ಟು, ಕೌದಿಗೆ ಉಣಿಸಿ, ಆಮೇಲೆ ಬಾಯಿ ಹೊಲಿಯುವುದು. ಉಣ್ಣದ ಕೌದಿ ಹೊದ್ದವರೂ ಉಪವಾಸ ಬೀಳುತ್ತಾರೆ ಅನ್ನುವುದು ಆಯಿಯ ಗಟ್ಟಿ ನಂಬಿಕೆ. ಮರುದಿನ ಹೊಸ್ತಿಲ ಹುಣ್ಣಿಮೆ. ಹೋಳಿಗೆ ಆಗುವುದೇ ಆಗ.

"ಉಳಿದ ಕೌದಿ ಒಗದು ಹಾಕೇನಿ, ಎಲ್ಲಾ ಹಸಿ ಅದಾವ. ಚಳಿಗೆ ನಡಗಾಕತ್ತಾರ ಆಯಿ. ಒಂದ ರಾತ್ರಿಗೆ ಏನಾಗ್ತೈತಿ?"

ಆಯಿ ಮೊಮ್ಮಗಳ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. "ನಡಗೋದ ನೋಡಿ ನಿನಗ್ಯಾಕ ಇಷ್ಟ ಕಾಳಜಿ?" ಎಂದಳು. ನೀಲಾ ಆಗಲೇ ಹೊಸ ಕೌದಿ ಎತ್ತಿಕೊಂಡು ಖೋಲಿಗೆ ನಡೆದಿದ್ದಳು.

ಆ ಸಂಜೆಯ ಊಟವನ್ನು ಏನೆಂದು ಹೇಳುವುದು! ಮಹಾಂತೇಶ ಒಲೆಯ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಬಿಸಿ ಬಿಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಪ್ರತಿ ರೊಟ್ಟಿಗೂ "ಇದ ಕಡೀದು" ಅನ್ನುವನು, ಮತ್ತೆ ತಾಟು ಮುಂದೆ ಚಾಚುವನು. ರಾಚಪ್ಪನವರು ಪೇರಲ ಗಿಡದ ಸುದ್ದಿ ಹೇಳಿ ಹೇಳಿ ಆಕಳಿಸಿ ಎದ್ದುಹೋದರು. ಆಯಿ ಗೋಡೆಗೊರಗಿ ತೂಕಡಿಸುತ್ತಿದ್ದಳು.

"ಒಂದ ಕೇಳಲೇನ್ರಿ?" ಎಂದ ಅವನು. "ಇಷ್ಟು ಛಂದ ಅಡಗಿ ಮಾಡ್ತೀರಿ. ಮಾತಾಡುವಾಗ ಮಾತ್ರ ಆಗಾಗ ಮುಖ ಸಣ್ಣದಾಗ್ತೈತಿ. ಯಾಕ್ರಿ?"

ಯಾರೂ ಕೇಳದ ಪ್ರಶ್ನೆ ಅದು. ನೀಲಾ ಹಂಚಿನ ಮೇಲಿನ ರೊಟ್ಟಿ ಕೆಳಗಿಳಿಸಿ ಹೇಳತೊಡಗಿದಳು.

"ಕೆರೂರ ಕಡಿಯವರು ನನ್ನ ನೋಡಿ ಒಪ್ಪಿದ್ರು. ಆಮ್ಯಾಲ ಬ್ಯಾಡ ಅಂದ್ರು. 'ಯಾವ ಊರಿನವರೋ, ಯಾವ ಜಾತಿಯವರೋ, ಬಂದ ಬಂದವರಿಗೆಲ್ಲಾ ರೊಟ್ಟಿ ಬಡದ ಹಾಕೋ ಹುಡುಗಿ ನಮ್ಮ ಮನಿಗೆ ಸಲ್ಲಂಗಿಲ್ಲ' ಅಂದ್ರಂತ. ಅವತ್ತಿಂದ ನಮ್ಮ ಕಾಕಾ, ಖೋಲಿ ಮುಚ್ಚು ಅಂತ ಅಪ್ಪನ ಬೆನ್ನ ಹತ್ಯಾರ. ಈ ಖೋಲಿಗೆ ಇರೋದು ಒಂದ ಒಳ್ಳೆ ಹೆಸರ್ರಿ. ಅದಕ್ಕ ಏನರ ಕಳಂಕ ಬಂತಂದ್ರ ಅಪ್ಪನೂ ಕೀಲಿ ಹಾಕಿಬಿಡ್ತಾರ."

ಅವಳು ಮುಗಿಸುವ ಹೊತ್ತಿಗೆ ಮಹಾಂತೇಶನ ನಗು ಮಾಯವಾಗಿತ್ತು. ತಾಟು ಬದಿಗೆ ಸರಿಸಿದ.

"ನಾಳೆ ಮುಂಜಾನೆ ನಿಮಗೊಂದ ಮಾತ ಹೇಳೋದೈತ್ರಿ," ಎಂದು ಎದ್ದ. "ಈಗ ಹೇಳಿದ್ರ, ಹೊಟ್ಯಾಗಿನ ರೊಟ್ಟಿ ಮಾತಾಡಾಕತ್ತಾವ ಅಂತೀರಿ."

ನೀಲಾ ಕೆಂಪಾದಳು. 'ಏನು ಮಾತಿರಬಹುದು...?'

ಬೆಳಗ್ಗೆ ಅವನು ಬಚ್ಚಲಿಗೆ ಹೋದ ಹೊತ್ತು ನೋಡಿ ಅವಳು ಖೋಲಿ ಗುಡಿಸಿದಳು. ದಿನದ ರೂಢಿಯಂತೆ ಕೌದಿ ಮಡಚಿ ಹೊತ್ತು ತಂದು ಅಂಗಳದ ಬಂಡೆಯ ಮೇಲೆ ಬಿಸಿಲಿಗೆ ಹಾಕಿದಳು. ಉಪ್ಪಿಟ್ಟಿಗೆ ಒಂದು ಹಿಡಿ ಶೇಂಗಾ ಜಾಸ್ತಿ ಹಾಕಿದಳು. ಯಾಕೆಂದು ಯಾರಾದರೂ ಕೇಳಿದ್ದರೆ ಜಗಳಕ್ಕೇ ಬರುತ್ತಿದ್ದಳೇನೋ.

ಮಹಾಂತೇಶ ಬಂದ. ಮುಖ ಬಿಳಚಿಕೊಂಡಿತ್ತು.

"ನಾಷ್ಟಾ ಬ್ಯಾಡ್ರಿ."

"ಚಾ?"

"ಚಾನೂ ಬ್ಯಾಡ್ರಿ."

ಅವಳ ಕಣ್ಣು ತಪ್ಪಿಸಿ ಹೊರಗೆ ನಡೆದ. ಬಚ್ಚಲಿಗೆ ಹೋದ, ಬಾವಿಕಟ್ಟೆಗೆ ಹೋದ, ಖೋಲಿಗೆ ಬಂದ, ಮತ್ತೆ ಬಾವಿಗೆ ಹೋದ. ತಲೆ ತಗ್ಗಿಸಿಕೊಂಡೇ ಸುತ್ತುತ್ತಿದ್ದ. ರಾಚಪ್ಪನವರು ಕೆರೂರ ಸಂತೆಗೆ ಹೋಗಿದ್ದರು. ಇಲ್ಲದಿದ್ದರೆ ಅವರಾದರೂ ಹಿಡಿದು ಕೇಳುತ್ತಿದ್ದರು.

ಮಧ್ಯಾಹ್ನ ನೀಲಾ ತಾನೇ ತಾಟು, ನೀರಿನ ತಂಬಿಗೆ ಒಯ್ದು ಖೋಲಿಯ ಕಟ್ಟೆಯ ಮೇಲಿಟ್ಟು ಬಂದಳು. ಸ್ವಲ್ಪ ಹೊತ್ತಿಗೆ ಅವನು ಆ ತಾಟನ್ನು ತಂಬಿಗೆಯ ಸಮೇತ ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ತಂದ. ಒಂದು ತುತ್ತೂ ಮುರಿದಿರಲಿಲ್ಲ. ತಂಬಿಗೆಯ ನೀರೂ ತುಂಬಿದಂತೆಯೇ ಇತ್ತು.

ಆಗ ಅವಳಿಗೆ ಎಲ್ಲ ತಿಳಿದುಹೋಯಿತು. ತಿಳಿಯಿತು ಅಂದುಕೊಂಡಳು, ಪಾಪ.

'ನೀರೂ ಬೇಡವೇ? ನಿನ್ನೆ ತನಕ ಗೊತ್ತಿರಲಿಲ್ಲ, ಉಂಡರು. ಬಂದ ಬಂದವರಿಗೆಲ್ಲ ಬಡಿಸುವ ಕೈ ಇದು ಅಂತ ನಾನೇ ಹೇಳಿದೆ. ಈಗ ಆ ಕೈಯ ನೀರೂ ಮೈಲಿಗೆಯಾಯಿತು. ಕೆರೂರದವರು ದೂರದಿಂದ ಅಂದರು, ಇವರು ಮನೆಗೇ ಬಂದು ಮಾಡಿ ತೋರಿಸಿದರು...'

"ಏನೋ ಮಾತ ಹೇಳೋದಿತ್ತಲ್ರಿ ಮಾಸ್ತರ?" ದನಿ ಗಟ್ಟಿ ಮಾಡಿಕೊಂಡು ಕೇಳಿದಳು.

"ಈಗ ಆಗೂದಿಲ್ರಿ... ನಾ ಇಳಕಲ್ಲಿಗೆ ಹೊಂಟೇನಿ. ಅಲ್ಲಿ ಮಠದಾಗ ಕೆಲಸ ಐತಿ. ಮುಗಿಸಿಕೊಂಡು ಮತ್ತ..."

"ಮತ್ತ ಬರೋದು ಬ್ಯಾಡ್ರಿ. ಯಾಕ ಹೊಂಟೀರಿ ಅಂತ ನನಗ ಗೊತ್ತೈತಿ."

ಅವನು ಆಯಿಯ ಕಾಲಿಗೆ ನಮಸ್ಕಾರ ಮಾಡಿ, ಚೀಲ ಹೆಗಲಿಗೇರಿಸಿ ನಡೆದುಬಿಟ್ಟ.

ನೀಲಾ ಹೋಳಿಗೆ ಲಟ್ಟಿಸಲು ಕೂತಳು. ಹಬ್ಬದ ಹೋಳಿಗೆ ಬಿಡುವಂತಿಲ್ಲವಲ್ಲ. ಕಣ್ಣೀರು ಮಣೆಯ ಮೇಲೆ ಬೀಳದ ಹಾಗೆ ಭುಜಕ್ಕೆ ಒರೆಸಿಕೊಳ್ಳುತ್ತ ಲಟ್ಟಿಸಿದಳು. ಮೊದಲನೆಯದು ದುಂಡಗೆ ಬರಲೇ ಇಲ್ಲ.

ಆಯಿ ಬಂಡೆಯ ಮೇಲಿನ ಕೌದಿ ತಂದು ತೊಡೆಯ ಮೇಲೆ ಹರಡಿಕೊಂಡಳು. "ಮೊದಲ ಇದಕ್ಕ ಉಣಸೋಣ ತಾ," ಎಂದು ಹೋಳಿಗೆಯ ತುಣುಕು ಹಿಡಿದು, ಬಿಚ್ಚಿದ ಮೂಲೆಯೊಳಗೆ ಕೈ ಹಾಕಿದಳು.

ಕೈ ಅಲ್ಲೇ ನಿಂತಿತು.

"ನೀಲವ್ವ... ಇದು ಆಗಲೇ ಏನೋ ಉಂಡೈತಲ್ಲ."

ಪದರಗಳ ಆಳದಿಂದ ಆಯಿ ಹೊರಗೆಳೆದದ್ದು ನಿಂಬೆಹಣ್ಣಿನಷ್ಟು ದೊಡ್ಡ ಬೆಳ್ಳಿಯ ಕರಡಿಗೆ. ಕೊರಳಿಗೆ ಕಟ್ಟುವ ಲಿಂಗದ ಕರಡಿಗೆ! ಅದರ ಶಿವದಾರ ಸವೆದು ಹರಿದು ಜೋತಾಡುತ್ತಿತ್ತು.

ಆಯಿ ಅದನ್ನು ಎರಡೂ ಕಣ್ಣಿಗೊತ್ತಿಕೊಂಡಳು. "ಕಾಲಿಗೆ ಬಿದ್ದಾಗ ನೋಡಿದ್ನಿ, ಹಣಿಮ್ಯಾಲ ವಿಭೂತಿ ಇರಲಿಲ್ಲ. ಲಿಂಗಪೂಜಿ ಆಗದ ಆ ಹುಡುಗ ಹ್ಯಾಂಗ ಉಂಡಾನು? ನೀರರ ಹ್ಯಾಂಗ ಕುಡದಾನು? ಯಾರಿಗೂ ಹೇಳದ ಮುಂಜಾನಿಂದ ಇದನ್ನ ಹುಡುಕ್ಯಾನ ಯವ್ವ."

ನೀಲಾಳ ಕೈಯಿಂದ ಲಟ್ಟಣಿಗೆ ಉರುಳಿತು. ರಾತ್ರಿ ನಿದ್ದೆಯಲ್ಲಿ ದಾರ ಹರಿದು ಕರಡಿಗೆ ಕೌದಿಯ ಬಾಯೊಳಗೆ ಜಾರಿದೆ. ಬೆಳಗ್ಗೆ ಕೌದಿ ಹೊತ್ತು ತಂದವಳು ತಾನೇ. ಉಪವಾಸ ಕೆಡವಿದವಳೂ ತಾನೇ, ಬಯ್ದು ಕಳಿಸಿದವಳೂ ತಾನೇ!

"ಕುಂತ ಅಳ್ತೀಯೋ, ಓಡ್ತೀಯೋ?" ಎಂದಳು ಆಯಿ.

ನೀಲಾ ಕೈಕಾಲು ತೊಳೆದಳು. ಹುಣ್ಣಿಮೆಗೆಂದು ತೆಗೆದಿಟ್ಟಿದ್ದ ಗುಳೇದಗುಡ್ಡದ ಹೊಸ ಕುಪ್ಪಸದ ಖಣದಲ್ಲಿ ಕರಡಿಗೆ ಸುತ್ತಿ ಎದೆಗವಚಿಕೊಂಡು ಓಡಿದಳು. ಚಪ್ಪಲಿ ಮೆಟ್ಟುವುದೂ ನೆನಪಾಗಲಿಲ್ಲ. ಗುಡ್ಡದ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತು. 'ಇನ್ನೊಂದು ಗಳಿಗೆ... ಒಂದೇ ಗಳಿಗೆ ನಿಲ್ಲಪ್ಪ...'

ಮಹಾಂತೇಶ ರಸ್ತೆಬದಿಯ ಬೇವಿನ ಮರಕ್ಕೆ ಒರಗಿ ನಿಂತಿದ್ದ. ಹಸಿವಿಗೆ ತುಟಿ ಒಣಗಿತ್ತು. ಓಡಿ ಬಂದವಳನ್ನು ಕಂಡು ನೆಟ್ಟಗಾದ.

ಅವಳು ಖಣದ ಗಂಟು ಬಿಚ್ಚಿ ಎರಡೂ ಕೈಯಲ್ಲಿ ಚಾಚಿದಳು.

ಅವನ ಕಣ್ಣು ತುಂಬಿದವು. ಕರಡಿಗೆ ತೆಗೆದು ಹಣೆಗೊತ್ತಿಕೊಂಡ, ಎದೆಗೊತ್ತಿಕೊಂಡ.

"ಎಲ್ಲಿತ್ರಿ?"

"ಕೌದ್ಯಾಗ. ಹಸದಿತ್ತು, ನುಂಗಿತ್ತು." ಅಳುವಿನ ನಡುವೆಯೇ ನಗು ಬಂತು ಅವಳಿಗೆ. "ಕಳದೈತಿ ಅಂತ ಒಂದ ಮಾತ ಹೇಳಿದ್ರ ಎಲ್ಲಾರೂ ಕೂಡಿ ಹುಡಕತಿದ್ವಿ. ಯಾಕ ಹೇಳಲಿಲ್ರಿ?"

"ಹ್ಯಾಂಗ ಹೇಳ್ಲಿ?" ಅವನು ಮೆಲ್ಲಗೆ ಅಂದ. "ಬೆಳ್ಳಿ ಕರಡಿಗಿ. ಖೋಲ್ಯಾಗ ಬೆಳ್ಳಿ ಕಳೀತು ಅಂತ ನಾ ಬಾಯಿ ಬಿಟ್ರ, ಸಂಜೀಕ ಊರ ತುಂಬ ಕಳವಿನ ಸುದ್ದಿ ಆಗ್ತಿತ್ತು. ಈ ಖೋಲಿಗೆ ಇರೋದು ಒಂದ ಹೆಸರು ಅಂತ ನಿನ್ನೆ ನೀವ ಹೇಳಿದ್ರಿ. ಮಠಕ್ಕ ಹೋಗಿ ಗುರುಗಳ ಮುಂದ ನನ್ನ ತಪ್ಪು ಹೇಳಿ ಬ್ಯಾರೆ ಲಿಂಗ ಕಟ್ಟಿಸಿಕೊಳ್ಳೋಣ, ಆಮ್ಯಾಲ ಬಂದು ಮಾತಾಡೋಣ ಅನಕೊಂಡೆ."

ನೀಲಾ ಮುಖ ಮುಚ್ಚಿಕೊಂಡಳು. ತನ್ನ ಹೆಸರು ಉಳಿಸಲು ಹನಿ ನೀರಿಲ್ಲದೆ ನಿಂತವನಿಗೆ ತಾನು ಏನೆಲ್ಲ ಅಂದೆ!

"ನಾನು... ನನ್ನ ಕೈ ಅಡಗಿ ನಿಮಗ ಮೈಲಿಗಿ ಆತು ಅಂತ ತಿಳಕೊಂಡ್ನಿರಿ."

ಮಹಾಂತೇಶ ಬೆರಗಾಗಿ ನೋಡಿದ. ಆಮೇಲೆ ಅವನಿಗೂ ನಗು ಬಂತು.

"ನಿಮ್ಮ ರೊಟ್ಟಿ ವಾಸನಿ ಹಿಡಕೊಂಡು ಬಾವಿ ಸುತ್ತ ಎಷ್ಟ ಸಲ ತಿರುಗೇನಿ ಅಂತ ಆ ಬಾವಿನ್ನ ಕೇಳ್ರಿ. ಒಳಗ ಶೇಂಗಾ ಹಾಕಿದ ಉಪ್ಪಿಟ್ಟು, ಹೊರಗ ನಾನು. ಅದಕಿಂತ ದೊಡ್ಡ ಶಿಕ್ಷಾ ಇನ್ಯಾವದೈತ್ರಿ?"

ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ತಲೆ ಹೊರಗೆ ಹಾಕಿದ. "ಮಾಸ್ತರ, ಹತ್ತೋರೋ ಇಲ್ಲೋ?"

ಮಹಾಂತೇಶ ನೀಲಾಳನ್ನೇ ನೋಡಿದ. ಕೇಳುವ ಧೈರ್ಯ ಅವನಿಗಿರಲಿಲ್ಲ. 'ಮತ್ತೆ ಬರಬೇಡಿ' ಎಂದ ಬಾಯಿ ಅವಳದು. ಈಗ ಹೇಳಬೇಕಾದದ್ದೂ ಅದೇ ಬಾಯಿ.

"ಇಲ್ರಿ ಅಣ್ಣಾ, ನೀವು ಹೋಗ್ರಿ," ಎಂದಳು ನೀಲಾ. "ಇವರದಿನ್ನೂ ಊಟ ಆಗಿಲ್ಲ."

ಕಂಡಕ್ಟರ್ ಇಬ್ಬರನ್ನೂ ನೋಡಿ ಮೀಸೆಯಲ್ಲೇ ನಕ್ಕು ಸೀಟಿ ಊದಿದ. ಬಸ್ಸು ಖಾಲಿ ರಸ್ತೆಯಲ್ಲಿ ದೂಳೆಬ್ಬಿಸುತ್ತ ಹೋಯಿತು.

ಅವನು ಮತ್ತೆ ಮಿಂದು, ಹೊಸ ದಾರ ಕಟ್ಟಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ ಬರುವಷ್ಟರಲ್ಲಿ ಸಂಜೆಯ ಬಿಸಿಲು ಅಡುಗೆಮನೆಯೊಳಗೆ ಇಳಿದಿತ್ತು. ಹಣೆಯ ಮೇಲೆ ವಿಭೂತಿ ಮರಳಿತ್ತು. ನೀಲಾ ಹೋಳಿಗೆ ಬಡಿಸಿ ತುಪ್ಪ ಹಾಕಿದಳು. ಅವನು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ನೋಡುತ್ತ ಕೂತವಳಿಗೆ ತನ್ನ ಹೊಟ್ಟೆಯೇ ತುಂಬಿದಂತಾಯಿತು.

"ನಿನ್ನೆ ಉಳಿಸಿಟ್ಟ ಮಾತು ಹೇಳಲೇನ್ರಿ?" ಎಂದ.

ಅವಳು ತಲೆ ತಗ್ಗಿಸಿಕೊಂಡೇ ಹೂಂ ಅಂದಳು.

"ಬರೋ ವಾರ ನಮ್ಮವ್ವನ್ನ ಕರಕೊಂಡ ಬರ್ತೇನಿ. ಬಂದ ಬಂದವರಿಗೆಲ್ಲಾ ರೊಟ್ಟಿ ಬಡದ ಹಾಕೋ ಹುಡುಗೀನ ನಮ್ಮ ಮನಿಗೆ ಬೇಕು ಅಂತ ನಿಮ್ಮಪ್ಪಾರನ್ನ ಕೇಳ್ತೇನಿ. ನಿಮಗ ಮನಸಿದ್ರ."

ನೀಲಾ ತಲೆಯೆತ್ತಿ ಕೇಳಬೇಕಾದ್ದನ್ನು ಕೇಳಿದಳು.

"ಮತ್ತ ಖೋಲಿ? ಅವಕ್ಕ ಕೀಲಿ ಬಿದ್ರ ನಾ ಒಲ್ಲೆ."

"ಬಾದಾಮಿ ಸಾಲಿಗೆ ವರ್ಗ ಕೇಳ್ತೇನಿ. ನೀವು ರೊಟ್ಟಿ ಬಡೀರಿ, ನಾ ಖೋಲಿ ಗ್ವಾಡಿಗೆ ಚಿತ್ರ ಬರೀತೇನಿ. ಮುಚ್ಚೋ ಮಾತು ಎಲ್ಲಿಂದ ಬಂತು?"

ಒಲೆಯ ಆಚೆಯಿಂದ ಆಯಿ ಕೆಮ್ಮಿದಳು. ತೂಕಡಿಸುತ್ತಿದ್ದಳು ಎಂದು ನಿನ್ನೆಯಿಂದ ನಂಬಿದ್ದವರು ಈ ಇಬ್ಬರೇ. "ರಾಚಪ್ಪ ಸಂತಿಯಿಂದ ಬರ್ಲಿ, ನಾ ಹೇಳ್ತೇನಿ," ಎಂದು ಕೌದಿಯನ್ನು ನೀಲಾಳತ್ತ ತಳ್ಳಿದಳು. "ಈಗ ಇದರ ಬಾಯಿ ಹೊಲಿ. ನನ್ನ ಕಣ್ಣು ಮಸಕು. ಮದಿವಿ ಆದಮ್ಯಾಲ ಇದು ನಿಮ್ಮ ಸಂಗಾಟನ ಇರ್ಲಿ."

ಮಹಾಂತೇಶ ಕೈ ತೊಳೆದು ಬಂದು ಕೌದಿಯ ಮೂಲೆ ಹಿಡಿದ. ನೀಲಾ ಹೊಸ ಹೋಳಿಗೆಯೊಂದನ್ನು ಮುರಿದು ಒಳಗಿಟ್ಟಳು. ಒಂದೊಂದೇ ಹೊಲಿಗೆ ಹಾಕಿ, ದಾರ ಹಲ್ಲಿನಿಂದ ಕಡಿದಳು.

"ಇದರ ಹೊಟ್ಟಿ ತುಂಬಿತು," ಎಂದಳು. "ಇನ್ನಮ್ಯಾಲ ನಿಮಗ ಹಸಿವಾದ್ರ ಬಾಯಿಬಿಟ್ಟು ಹೇಳಬೇಕು. ಏನರ ಕಳದ್ರೂ ಮೊದಲ ನನಗ ಹೇಳಬೇಕು."

"ಹೇಳ್ತೇನಿ."

"ಯಾವಾಗಿಂದ?"

"ಈಗಿಂದ... ನೀಲಾ, ಇನ್ನೂ ಹಸಿವೈತಿ."

ಅವಳು ನಗುತ್ತ ತಾಟಿಗೆ ಹೋಳಿಗೆ ಹಾಕಿದಳು. "ಇದ ಕಡೀದೇನು?"

"ಅಲ್ಲ," ಎಂದ ಮಹಾಂತೇಶ, ತಾಟು ಮುಂದೆ ಚಾಚಿ.