ತೀರ್ಥದ ಅಳತೆ

1961ರ ನವೆಂಬರ್ 14, ಮಂಗಳವಾರ. ಜಡಿಮಳೆ ಹಿಡಿದು ಸೂರ್ಯ ಕಾಣದೆ ಮೂರು ದಿನವಾಗಿತ್ತು. ಬೆಳಗ್ಗೆ ಏಳೂವರೆಗೆ ಕೆಂಚಾರ್ಲಹಳ್ಳಿಯ ಆವುಲಪ್ಪ ತಲೆಯ ಗೋಣಿಕೊಪ್ಪೆಯನ್ನೂ ತೆಗೆಯದೆ ಚಿಂತಾಮಣಿ ಠಾಣೆಯೊಳಗೆ ಬಂದ.

“ನನ್ನ ಮಗಳು ಗಂಗುಲಮ್ಮ ಹೋಗ್ಬಿಟ್ಟಳು ಸ್ವಾಮಿ. ಒಂಬತ್ತು ವರ್ಷ. ಚೆನ್ನರಾಯಪ್ಪ ಹಾಕಿದ್ದು ಮದ್ದಲ್ಲ, ನೀರು.”

ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಮಗುವಿನ ಬೆರಳಿಗೆ ಕುಡುಗೋಲು ತಗುಲಿತ್ತು. ಗಾಯ ಕೀವಾಗಿ, ನಂಜು ಮೈಗೇರಿತ್ತು. ಸೂಜಿ ಹಾಕಿದ ಚೆನ್ನರಾಯಪ್ಪ ದನದ ಆಸ್ಪತ್ರೆಯ ಕಾಂಪೌಂಡರ್.

“ದನದೋನ ಹತ್ರ ಯಾಕಪ್ಪ ಹೋದೆ?” ಎಂದ ಪೇದೆ ಎರ್ರಪ್ಪ.

“ದನದ್ದೂ ಮನುಷ್ಯಂದೂ ತೊಗಲು ಒಂದೇ ಕಣೋ ಅಂದ. ದುಡ್ಡೂ ಮುಟ್ಟಲಿಲ್ಲ.”

ಸಬ್ ಇನ್‌ಸ್ಪೆಕ್ಟರ್ ಅಮಾನುಲ್ಲಾ ಎಫ್‌ಐಆರ್ ಬರೆದರು. ಆವುಲಪ್ಪನ ಮನೆಯಲ್ಲಿ ಪಂಚನಾಮೆ ನಡೆಸಿ ಎರಡು ಖಾಲಿ ಪೆನಿಸಿಲಿನ್ ಸೀಸೆ ವಶಪಡಿಸಿಕೊಂಡರು. ಡಿಸೆಂಬರ್ 5ಕ್ಕೆ ಬೆಂಗಳೂರಿನಿಂದ ವರದಿ ಬಂತು: ಸೀಸೆಗಳ ತಳದಲ್ಲಿ ಉಳಿದದ್ದು ಅಸಲಿ ಮದ್ದೇ.

ಮಗು ಕೊನೆಯುಸಿರೆಳೆದ ಆಸ್ಪತ್ರೆಯ ಡಾಕ್ಟರನ್ನು ಅಮಾನುಲ್ಲಾ ಕಂಡರು.

“ಅಸಲಿ ಮದ್ದಿಗೂ ಬಗ್ಗದ ನಂಜು ದನದಿಂದ ಬಂದಿರಬಹುದು. ಮನೇಲಿ ಹಾಲು ಕರೀತಿದ್ದೋರು ಯಾರು?” ಡಾಕ್ಟರು ಕೇಳಿದರು.

“ಆ ಮಗುವೇ. ಹಸುವಿಗೆ ಕೆಚ್ಚಲುಬಾವು. ಕೆಟ್ಟ ಹಾಲನ್ನ ಊರೋರೆಲ್ಲ ಕುಂಟೆ ನೀರಿಗೆ ಚೆಲ್ತಾರೆ.”

ಡಾಕ್ಟರು ಆ ಹಾಲನ್ನೂ ಕುಂಟೆಯ ನೀರನ್ನೂ ಪರೀಕ್ಷೆಗೆ ಕಳಿಸಿದರು. ಮಗುವಿನ ಗಾಯದ ಕೀವನ್ನು ಮೊದಲೇ ಕಳಿಸಿದ್ದರು. ವರದಿ ಬಂತು: ಮೂರರಲ್ಲೂ ಒಂದೇ ಕ್ರಿಮಿ. ಪೆನಿಸಿಲಿನ್‌ಗೆ ಅದು ಸಾಯುತ್ತಿರಲಿಲ್ಲ.

“ದನಗಳಿಗೆ ಅರೆಬರೆ ಮದ್ದು ಕೊಟ್ಟೂ ಕೊಟ್ಟೂ ಮೆತ್ತಗಿನ ಕ್ರಿಮಿ ಸತ್ತವು, ಗಟ್ಟಿ ಕ್ರಿಮಿ ಉಳಿದು ಬೆಳೆದವು. ಹಾಲು ಕರೆಯುವಾಗ ಅವೇ ಬೆರಳಿನ ಗಾಯಕ್ಕೆ ಇಳಿದಿವೆ,” ಎಂದರು ಡಾಕ್ಟರು.

ಡಿಸೆಂಬರ್ 23, ಮಧ್ಯಾಹ್ನ ಹನ್ನೆರಡಕ್ಕೆ ಅಮಾನುಲ್ಲಾ ದನದ ಆಸ್ಪತ್ರೆಗೆ ಹೋದರು. ಅಲ್ಲಿನ ದಾಸ್ತಾನು ಪುಸ್ತಕದಲ್ಲಿ ಬರೆದಿತ್ತು: ಆವುಲಪ್ಪನ ಹಸು, ಐದು ಸೀಸೆ.

“ಹಸುವಿಗೆ ಕೊಟ್ಟಿದ್ದೆಷ್ಟು?” ಅಮಾನುಲ್ಲಾ ಕೇಳಿದರು.

“ಒಂದು,” ಎಂದ ಚೆನ್ನರಾಯಪ್ಪ.

“ಮಗುವಿಗೆ?”

“ಎರಡು.”

“ಮಿಕ್ಕದ್ದು ಮಾರಿದೆಯಾ?”

“ತೀರ್ಥ ಮಾರ್ತಾರಾ ಸ್ವಾಮಿ? ಇರೋದೊಂದು ಚೊಂಬು, ಕೈಯೊಡ್ಡಿದೋರಿಗೆಲ್ಲ ಒಂದೊಂದು ಉದ್ಧರಣೆ. ಬಾವು ಇಳೀತಿದ್ದ ಹಾಗೆ ನಿಲ್ಲಿಸ್ತಿದ್ದೆ. ಉಳಿದದ್ದು ಮುಂದಿನೋರಿಗೆ. ಎಂಟು ವರ್ಷದಲ್ಲಿ ಯಾರಿಗೂ ಇಲ್ಲ ಅಂದಿಲ್ಲ.”

ಅಮಾನುಲ್ಲಾ ಕ್ರಿಮಿಯ ವರದಿ ಓದಿ ಹೇಳಿದರು. ಚೆನ್ನರಾಯಪ್ಪ ಇನ್ನೊಮ್ಮೆ ಓದಿಸಿಕೊಂಡ.

“ಹಾಗಾದ್ರೆ ಆ ಮಗೂಗೆ ನಾನೇ...”

ಸರ್ಕಾರಿ ಮದ್ದನ್ನು ದುರುಪಯೋಗ ಮಾಡಿದ್ದಕ್ಕೆ ದಸ್ತಗಿರಿಯಾಯಿತು. ಚೆನ್ನರಾಯಪ್ಪನ ಹೇಳಿಕೆಯ ಕೊನೆಗೆ ಒಂದು ಸಾಲಿತ್ತು: 1949ರಲ್ಲಿ ಬಾಣಂತಿ ಜ್ವರದ ಹೆಂಡತಿ ಅಕ್ಕಯ್ಯಮ್ಮನನ್ನು ಗಾಡಿಯಲ್ಲಿ ಆಸ್ಪತ್ರೆಗೆ ಕರೆತಂದಾಗ, ಮದ್ದಿಲ್ಲ ಎಂದು ಬಾಗಿಲಲ್ಲೇ ಹಿಂದಕ್ಕೆ ಕಳಿಸಿದ್ದರು.

ಹೊರಗೆ ಆವುಲಪ್ಪ ನಿಂತಿದ್ದ. ಚೆನ್ನರಾಯಪ್ಪ ಅಮಾನುಲ್ಲಾರ ಅಪ್ಪಣೆ ಕೇಳಿ, ಬೀರುವಿನಿಂದ ಎರಡು ಸೀಸೆ ತಂದು ಅವನ ಕೈಗಿಟ್ಟ.

“ನಿನ್ನ ಹಸೂದು ಕಣಪ್ಪ. ಅವತ್ತೇ ಕೊಡ್ಬೇಕಾಗಿತ್ತು.”